ಬಾವಡಿಯ ಧ್ವನಿ: ಗ್ರಾಮದ ವರ್ಚುವಲ್ ಪ್ರವಾಸದಲ್ಲಿ ಶಬ್ದ ಮತ್ತು ನಿರೂಪಣೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಜಿಲ್ಲಾ ಪಂಚಾಯತ್ ಸಭಾಂಗಣದಲ್ಲಿ ಏರ್ಪಡಿಸಿದ್ದ ತರಬೇತಿ ಶಿಬಿರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಠ್ಯ. ಸದಸ್ಯರ ಕೋರಿಕೆಯ ಮೇರೆಗೆ ಈ ಸುತ್ತೋಲೆಯೊಂದಿಗೆ ಮುದ್ರಿಸಲಾಗಿದೆ.)



ಗೋಳಗುಮ್ಮಟವನ್ನು ನೋಡದವರು ಈ ಸಭಾಂಗಣದಲ್ಲಿ ಯಾರೂ ಇರಲಾರರು. ವಿಜಯಪುರ ಜಿಲ್ಲೆಯ ಶಾಲೆಗಳಲ್ಲಿ ಓದಿದ ನಾವೆಲ್ಲರೂ ಒಂದಲ್ಲ ಒಂದು ಪ್ರವಾಸದಲ್ಲಿ ಅದರ ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಏರಿದ್ದೇವೆ. ಮೇಲಿನ ಗ್ಯಾಲರಿಯಲ್ಲಿ ನಿಂತು ನಮ್ಮ ಹೆಸರನ್ನು ನಾವೇ ಕೂಗಿಕೊಂಡಿದ್ದೇವೆ. ಆ ದಿನ ಕಂಡದ್ದರಲ್ಲಿ ಏನು ನೆನಪಿದೆ ಎಂದು ಈಗ ಕೇಳಿದರೆ ಗೋಡೆಯ ಬಣ್ಣವನ್ನಾಗಲಿ ಕಿಟಕಿಗಳ ಸಂಖ್ಯೆಯನ್ನಾಗಲಿ ಯಾರೂ ಹೇಳಲಾರರು. ಕೂಗಿದ ಹೆಸರು ಮತ್ತೆ ಮತ್ತೆ ಮರಳಿ ಬಂದದ್ದನ್ನು ಮಾತ್ರ ಯಾರೂ ಮರೆತಿಲ್ಲ. ಅದೇ ಗ್ಯಾಲರಿಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆರೆದು ನೋಡಿರಿ. ಒಂದು ದುಂಡು ಗೋಡೆ, ಅದರ ಬದಿಯಲ್ಲಿ ನಡೆಯುವ ಹಾದಿ. ಚಿತ್ರದಲ್ಲಿರುವುದು ಇಷ್ಟೇ. ಆ ಸ್ಥಳವನ್ನು ಆ ಸ್ಥಳವನ್ನಾಗಿ ಮಾಡಿರುವ ವಸ್ತುವೇ ಚಿತ್ರದಲ್ಲಿ ಇಲ್ಲ.

ನಾನು ಎಂಜಿನಿಯರಿಂಗ್ ಓದಿ ಈ ಹುದ್ದೆಗೆ ಬಂದವನು. ಒಂದು ಸಣ್ಣ ಲೆಕ್ಕ ಹಾಕಲು ಅನುಮತಿ ನೀಡಬೇಕು. ಮಹಮ್ಮದ್ ಆದಿಲ್ ಶಾಹನ ಈ ಗೋರಿಯ ಗುಮ್ಮಟವು ಒಳಗಡೆ ಸುಮಾರು 38 ಮೀಟರ್ ಅಗಲವಿದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ದೂರ ಚಲಿಸುತ್ತದೆ. ಎದುರು ಗೋಡೆಗೆ ಹೋಗಿ ಹಿಂದಿರುಗಲು 76 ಮೀಟರ್. ಅಂದರೆ ಕಾಲು ಸೆಕೆಂಡಿಗಿಂತ ತುಸು ಕಡಿಮೆ ಸಮಯ. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ತಡವಾಗಿ ಬಂದ ಶಬ್ದವನ್ನು ನಮ್ಮ ಕಿವಿ ಬೇರೆ ಶಬ್ದವೆಂದು ಗುರುತಿಸಬಲ್ಲದು. ಆದ್ದರಿಂದಲೇ ಅಲ್ಲಿ ಪ್ರತಿಧ್ವನಿಯು ಸ್ಪಷ್ಟವಾಗಿ ಕೇಳುತ್ತದೆ. ಪಿಸುಮಾತಿನ ಕಥೆ ಬೇರೆ. ಅದು ಗುಮ್ಮಟದ ನಡುವಿನಿಂದ ಹಾಯದೆ, ಬಾಗಿದ ಗೋಡೆಗೆ ಅಂಟಿಕೊಂಡಂತೆ ಸಾಗಿ ಆಚೆ ಬದಿಯವರ ಕಿವಿಯನ್ನು ಮುಟ್ಟುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗ್ಯಾಲರಿಯನ್ನು ಕುರಿತು ಲಾರ್ಡ್ ರ್‍ಯಾಲೆ ಇದನ್ನು ವಿವರಿಸಿದರು. ನಮ್ಮ ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ಅದೇ ಚರ್ಚಿನಲ್ಲಿ ಪ್ರಯೋಗ ನಡೆಸಿದ್ದರು. ಮುಂದೆ ಗೋಳಗುಮ್ಮಟದಂತಹ ನಮ್ಮ ದೇಶದ ಕಟ್ಟಡಗಳನ್ನೂ ಪರಿಶೀಲಿಸಿದರು.

ಈ ಲೆಕ್ಕವನ್ನು ಹೇಳಲು ಕಾರಣವಿದೆ. ಚಿತ್ರವು ಸ್ಥಳದ ಆಕಾರವನ್ನು ಹೇಳುತ್ತದೆ. ಅದರ ಗಾತ್ರವನ್ನು, ಆಳವನ್ನು, ಗೋಡೆ ಕಲ್ಲಿನದೋ ಮಣ್ಣಿನದೋ ಎಂಬುದನ್ನು ಹೇಳುವುದು ಶಬ್ದ. ಕತ್ತಲೆಯ ಕೋಣೆಯನ್ನು ಹೊಕ್ಕು ಒಮ್ಮೆ ಕೆಮ್ಮಿದರೆ ಅದು ಎಷ್ಟು ದೊಡ್ಡದು, ಖಾಲಿ ಇದೆಯೋ ಜೋಳದ ಚೀಲ ಒಟ್ಟಿದ್ದಾರೋ ಎಂಬುದು ನಮಗೆ ತಿಳಿಯುತ್ತದೆ.

ಇತ್ತೀಚೆಗೆ ಹಲವು ಗ್ರಾಮ ಪಂಚಾಯತಿಗಳು ತಮ್ಮ ಊರಿನ ಗುಡಿ, ದರ್ಗಾ, ಕೋಟೆ, ಕೆರೆಗಳ ವರ್ಚುವಲ್ ಪ್ರವಾಸವನ್ನು ಸಿದ್ಧಪಡಿಸಲು ಆಸಕ್ತಿ ತೋರಿವೆ. ಒಂದು ಸ್ಥಳದಲ್ಲಿ ನಿಂತು ಸುತ್ತಲಿನ 360 ಡಿಗ್ರಿ ನೋಟವನ್ನು ವಿಶೇಷ ಕ್ಯಾಮೆರಾದಿಂದ ಸೆರೆಹಿಡಿದು, ಅಂತಹ ಹಲವು ನೋಟಗಳನ್ನು ಜೋಡಿಸಿ, ನೋಡುವವರು ಬೆರಳಿನಿಂದ ತಿರುಗಿಸುತ್ತ ಮುಂದೆ ಸಾಗುವಂತೆ ಮಾಡುವುದೇ ವರ್ಚುವಲ್ ಪ್ರವಾಸ. ಚಿತ್ರದೊಳಗೆ ಅಲ್ಲಲ್ಲಿ ಗುರುತುಗಳಿರುತ್ತವೆ. ಅವುಗಳನ್ನು ಮುಟ್ಟಿದರೆ ಮಾಹಿತಿ ತೆರೆದುಕೊಳ್ಳುತ್ತದೆ. ಚಿತ್ರ ತೆಗೆಯುವ ಬಗೆಯನ್ನು ಇದೇ ಶಿಬಿರದಲ್ಲಿ ಬೇರೆಯವರು ವಿವರಿಸುವವರಿದ್ದಾರೆ. ಚಿತ್ರದ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ನಾವು ಮರೆತುಬಿಡುವ ಅರ್ಧ ಭಾಗವನ್ನು ಕುರಿತು ಮಾತನಾಡುವುದು ನನ್ನ ಕೆಲಸ. ಅದನ್ನು ನಾನೂ ಮರೆತಿದ್ದೆ ಎಂಬುದರಿಂದಲೇ ಆರಂಭಿಸುತ್ತೇನೆ.

ನಾನು ಕಾರ್ಯನಿರ್ವಹಿಸುವ ಗ್ರಾಮದ ಹೊರವಲಯದಲ್ಲಿ ಒಂದು ಹಳೆಯ ಬಾವಡಿ ಇದೆ. ಮೂರು ಬದಿಗೆ ಕಲ್ಲಿನ ಗೋಡೆ, ಒಂದು ಬದಿಗೆ 41 ಮೆಟ್ಟಿಲು, ನೀರಿನ ಮಟ್ಟದ ಬಳಿ ಒಂದು ಕಮಾನು. ಹೂಳು ಮತ್ತು ಜಾಲಿ ಮುಳ್ಳಿನಿಂದ ತುಂಬಿಹೋಗಿದ್ದ ಅದನ್ನು ಉದ್ಯೋಗ ಖಾತರಿಯ ಕೂಲಿಕಾರರು ಎರಡು ಬೇಸಿಗೆ ದುಡಿದು ಸ್ವಚ್ಛಗೊಳಿಸಿದರು. ಆ ಬಳಿಕ ನಗರದ ಒಂದು ಸಂಸ್ಥೆಯಿಂದ ವರ್ಚುವಲ್ ಪ್ರವಾಸ ಮಾಡಿಸಿದೆವು. ಚಿತ್ರಗಳು ಅತ್ಯುತ್ತಮವಾಗಿದ್ದವು. ಶಬ್ದದ ಬಗ್ಗೆ ಕರಾರಿನಲ್ಲಿ ನಾನು ಬರೆದಿದ್ದುದು ಒಂದೇ ಸಾಲು: ‘ಸೂಕ್ತ ಹಿನ್ನೆಲೆ ಸಂಗೀತ ಮತ್ತು ನಿರೂಪಣೆ ಇರತಕ್ಕದ್ದು.’ ಅವರು ಅದನ್ನೇ ಕೊಟ್ಟರು. ಆರಂಭದಿಂದ ಕೊನೆಯವರೆಗೆ ಸಿತಾರಿನ ನಾದ. ಅದರ ಮೇಲೆ ಜಾಹೀರಾತಿನ ಧಾಟಿಯ ಗಂಭೀರ ಧ್ವನಿಯೊಂದು ‘ಸಹಸ್ರಾರು ವರ್ಷಗಳ ಇತಿಹಾಸವುಳ್ಳ ಈ ರಮಣೀಯ ತಾಣ’ ಎಂದು ನುಡಿಯುತ್ತಿತ್ತು.

ಗ್ರಾಮಸಭೆಯಲ್ಲಿ ಪರದೆ ಕಟ್ಟಿ ಅದನ್ನು ತೋರಿಸಿದೆವು. ಚಪ್ಪಾಳೆಯನ್ನು ನಿರೀಕ್ಷಿಸಿದ್ದೆ. ಮುಂದೆ ಕುಳಿತಿದ್ದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು, “ಸಾಹೇಬ್ರ, ಇದು ನಮ್ಮ ಬಾವಡಿ ಅಲ್ರಿ. ನಮ್ಮ ಬಾವಡಿ ಹಿಂಗ ಹಾಡೂದಿಲ್ಲ. ಪಾರಿವಾಳ ಎಲ್ಲಿ ಹ್ವಾದವ್ರಿ?” ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಬಂದು ಅದನ್ನೇ ಮತ್ತೊಮ್ಮೆ ಕೇಳಿದಾಗ ಆ ಅಜ್ಜಿಯ ಮಾತು ಅಕ್ಷರಶಃ ಸತ್ಯವೆನಿಸಿತು. ಆ ಸಂಗೀತವನ್ನೂ ಆ ಮಾತುಗಳನ್ನೂ ರಾಜ್ಯದ ಯಾವ ಸ್ಮಾರಕದ ಚಿತ್ರಕ್ಕೆ ಅಂಟಿಸಿದರೂ ಹೊಂದಿಕೊಳ್ಳುತ್ತಿತ್ತು. ನಮ್ಮ ಊರಿಗೆ ಮಾತ್ರ ಸೇರಿದ್ದು ಅದರಲ್ಲಿ ಏನೂ ಇರಲಿಲ್ಲ.

ಎರಡನೆಯ ಸಲ ಕೆಲಸವನ್ನು ನಾವೇ ಮಾಡಿದೆವು. ಉಪಕರಣವೆಂದರೆ ಅರಿವು ಕೇಂದ್ರದ ಮೇಲ್ವಿಚಾರಕರ ಮೊಬೈಲು, ಎರಡು ಸಾವಿರ ರೂಪಾಯಿಯೊಳಗಿನ ಒಂದು ಕಾಲರ್ ಮೈಕು, ಗಾಳಿಯ ಸದ್ದನ್ನು ತಡೆಯಲು ಅದರ ತುದಿಗೆ ಹಾಕುವ ಸ್ಪಂಜಿನ ಟೋಪಿ. ಮೊದಲ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋಗಿ ಒಂದು ತಾಸು ಧ್ವನಿಮುದ್ರಣ ಮಾಡಿಕೊಂಡು ಬಂದೆ. ಕೇಳಿದರೆ ಸುತ್ತಲಿನ ಹೊಲಗಳ ಪಂಪ್‌ಸೆಟ್ಟುಗಳ ಗುಂಯ್‌ಗುಡುವಿಕೆ ಬಿಟ್ಟು ಬೇರೇನೂ ಇಲ್ಲ. ಸ್ಥಳದಲ್ಲಿ ನಿಂತಾಗ ಅದು ನನ್ನ ಗಮನಕ್ಕೆ ಬಂದೇ ಇರಲಿಲ್ಲ. ಮನುಷ್ಯನ ಕಿವಿ ಬೇಡವಾದುದನ್ನು ಬದಿಗೆ ಸರಿಸುತ್ತದೆ, ಮೈಕು ಸರಿಸುವುದಿಲ್ಲ. ಲೈನ್‌ಮನ್ನರನ್ನು ಕೇಳಿ ತ್ರೀ ಫೇಸ್ ವಿದ್ಯುತ್ ಇಲ್ಲದ ವೇಳೆಯನ್ನು ತಿಳಿದುಕೊಂಡು, ಸೂರ್ಯೋದಯಕ್ಕೆ ಮುನ್ನ ಮತ್ತೆ ಹೋದೆವು. ವಿದ್ಯುತ್ ಕಡಿತಕ್ಕೆ ನಾನು ಕೃತಜ್ಞನಾದದ್ದು ನನ್ನ ಸೇವಾವಧಿಯಲ್ಲಿ ಅದೊಂದೇ ಸಲ.

ಆ ಮುಂಜಾನೆ ಮೈಕನ್ನು ಎದೆಗೆ ಸಿಕ್ಕಿಸಿಕೊಂಡು, ಮಾತನಾಡದೆ, 41 ಮೆಟ್ಟಿಲುಗಳನ್ನು ನಿಧಾನವಾಗಿ ಇಳಿದೆ. ಮೇಲೆ ಗಾಳಿ, ದೂರದ ಕೋಳಿ, ರಸ್ತೆಯ ಒಂದು ಟ್ರ್ಯಾಕ್ಟರು. ಹತ್ತನೆಯ ಮೆಟ್ಟಿಲಿಗೆ ಗಾಳಿ ನಿಂತಿತು. ಇಪ್ಪತ್ತರ ಸುಮಾರಿಗೆ ನನ್ನ ಚಪ್ಪಲಿಯ ಸದ್ದು ಎದುರು ಗೋಡೆಯಿಂದ ಮರಳತೊಡಗಿತು. ಕಮಾನಿನ ಬಳಿ ಪಾರಿವಾಳಗಳು ಒಮ್ಮೆಲೇ ಎದ್ದವು. ಆ ರೆಕ್ಕೆಗಳ ಸದ್ದು ಬಾವಡಿಯ ಪೂರ್ತಿ ಆಳವನ್ನು ಸುತ್ತಿ ಬಂತು. ಕೊನೆಗೆ ನೀರು, ಗೋಡೆಯ ಸಂದಿನಿಂದ ಬೀಳುವ ಹನಿ. ಎರಡೂವರೆ ನಿಮಿಷದ ಈ ಒಂದೇ ಮುದ್ರಣವು ಆ ಸಂಸ್ಥೆಯ ಹನ್ನೆರಡು ಚಿತ್ರಗಳು ಹೇಳಲಾಗದ ಆಳವನ್ನು ಹೇಳಿತು. ಈಗ ನಮ್ಮ ಪ್ರವಾಸದಲ್ಲಿ ಪ್ರತಿ ನೋಟಕ್ಕೂ ಅದೇ ಮೆಟ್ಟಿಲಿನಲ್ಲಿ ಮುದ್ರಿಸಿಕೊಂಡ ಶಬ್ದವನ್ನೇ ಜೋಡಿಸಲಾಗಿದೆ. ಮೇಲಿನ ಚಿತ್ರಕ್ಕೆ ಕೆಳಗಿನ ಶಬ್ದ ಬಂದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಎಲ್ಲೋ ತಪ್ಪಿದೆ ಎನಿಸುತ್ತದೆ. ಸಂಗೀತವನ್ನು ಪೂರ್ತಿ ತೆಗೆದೆವು. ಸಂಗೀತ ಬೇಡವೇ ಬೇಡ ಎಂಬುದು ನನ್ನ ವಾದವಲ್ಲ. ನಿಮ್ಮ ಊರಿನಲ್ಲಿ ಕರಡಿಮಜಲು ಇದ್ದರೆ, ಡೊಳ್ಳಿನ ಮೇಳವಿದ್ದರೆ, ಜಾತ್ರೆಯ ಚಿತ್ರಕ್ಕೆ ಅದನ್ನೇ ಬಳಸಿರಿ. ಖರೀದಿಸಿದ ಸಂಗೀತವನ್ನು ಮಾತ್ರ ಬಿಟ್ಟುಬಿಡಿರಿ.

ಇನ್ನು ನಿರೂಪಣೆ. ನಾನು ಬರೆದ ಮೊದಲ ಕರಡನ್ನು ನಮ್ಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಓದಿ ಹೇಳಿದೆ. ಅವರಿಗೆ ದೃಷ್ಟಿ ಇಲ್ಲ. ಪೂರ್ತಿ ಕೇಳಿದ ಮೇಲೆ ಅವರು, “ಸರ್, ‘ಇಲ್ಲಿ ನೋಡಿ’ ಅಂತ ಎಂಟು ಸಲ ಅಂದ್ರಿ. ಎಲ್ಲಿ ಅಂತ ಒಮ್ಮೆನೂ ಹೇಳಲಿಲ್ಲ” ಎಂದರು. ಅಂದೇ ಕುಳಿತು ಇಬ್ಬರೂ ಸೇರಿ ತಿದ್ದಿದೆವು. ‘ಸುಂದರವಾದ ಕಮಾನು’ ಎಂದಿದ್ದ ಕಡೆ ‘ನಿಮ್ಮ ಎಡಕ್ಕೆ, ಇಬ್ಬರು ಜೊತೆಯಾಗಿ ತಲೆ ಬಗ್ಗಿಸದೆ ಹೋಗಬಹುದಾದಷ್ಟು ಎತ್ತರದ ಕಮಾನು’ ಎಂದಾಯಿತು. ‘ಪ್ರಾಚೀನ ಕಲ್ಲುಗಳು’ ಎಂದಿದ್ದ ಕಡೆ ‘ಬಾವಡಿಯ ಅಂಚಿನ ಕಲ್ಲಿನಲ್ಲಿ ಹಗ್ಗ ತಿಕ್ಕಿ ತಿಕ್ಕಿ ಹೆಬ್ಬೆರಳು ಹಿಡಿಯುವಷ್ಟು ಆಳದ ಗೆರೆಗಳು ಬಿದ್ದಿವೆ’ ಎಂದಾಯಿತು. ದೃಷ್ಟಿ ಇಲ್ಲದವರಿಗಾಗಿ ತಿದ್ದಿದ ಈ ಪಠ್ಯ ಕಣ್ಣಿದ್ದವರಿಗೂ ಹೆಚ್ಚು ಹಿಡಿಸಿತು. ಏಕೆಂದರೆ ಆ ಗೆರೆಗಳನ್ನು ಚಿತ್ರದಲ್ಲಿ ಅದುವರೆಗೆ ಯಾರೂ ಗಮನಿಸಿರಲಿಲ್ಲ. ಕಿವಿ ಕೇಳದವರಿಗಾಗಿ ಅದೇ ಪಠ್ಯವನ್ನು ಚಿತ್ರದ ಕೆಳಗೆ ಅಕ್ಷರಗಳಲ್ಲಿ ಕೊಟ್ಟಿದ್ದೇವೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸಾರ್ವಜನಿಕ ಮಾಹಿತಿಯು ಎಲ್ಲರಿಗೂ ಎಟುಕಬೇಕೆಂದು ಹೇಳುತ್ತದೆ. ಪಂಚಾಯತಿಯ ಹಣದಿಂದ ಆದ ಪ್ರವಾಸಕ್ಕೆ ಇದು ಬೇರೆಯಾಗಲಾರದು.

ನಿರೂಪಣೆಯ ಉದ್ದದ ಬಗ್ಗೆ ಒಂದು ಮಾತು. ಇಂಗ್ಲಿಷಿನ ಮಾದರಿಗಳಲ್ಲಿ ನಿಮಿಷಕ್ಕೆ ಇಷ್ಟು ಪದ ಎಂದು ಹೇಳುವ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಪದಗಳು ವಿಭಕ್ತಿ ಪ್ರತ್ಯಯಗಳೊಡನೆ ಉದ್ದವಾಗುತ್ತವೆ. ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ ನೋಡಿಯೇ ತೀರ್ಮಾನಿಸಬೇಕು. ಒಂದು ನೋಟಕ್ಕೆ ಮುಕ್ಕಾಲು ನಿಮಿಷ ಮೀರಿದರೆ ಜನ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಿದ್ದರು. ಮಾತು ಮುಗಿದ ಬಳಿಕ ಬಾವಡಿಯ ಸ್ವಂತ ಶಬ್ದಕ್ಕೆ ಹತ್ತು ಸೆಕೆಂಡು ಬಿಟ್ಟಿದ್ದೇವೆ.

ಯಂತ್ರದಿಂದ ಓದಿಸಬಹುದಲ್ಲವೇ ಎಂದು ಕೆಲವರು ಕೇಳುತ್ತೀರಿ. ಪ್ರಯತ್ನಿಸಿದೆವು. ಕಂದಾಯ ವಸೂಲಿಯ ಪ್ರಕಟಣೆಗೆ ಅದು ಸಾಕು. ಆದರೆ ಅದು ನಮ್ಮ ಊರಿನ ಹೆಸರನ್ನೇ ತಪ್ಪಾಗಿ ಉಚ್ಚರಿಸಿತು, ಮತ್ತು ಎಲ್ಲ ವಾಕ್ಯಗಳನ್ನೂ ಒಂದೇ ಭಾರದಿಂದ ಓದಿತು. ಕೊನೆಗೆ ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಓದಿದಳು. ‘ಬಾವಡಿ’ ಎಂಬ ಪದ ಅವಳ ಬಾಯಲ್ಲಿ ಬಂದಂತೆ ಯಾವ ಯಂತ್ರದಲ್ಲಿಯೂ ಬರಲಿಲ್ಲ.

ಈಗ ಎಲ್ಲಕ್ಕಿಂತ ಕಠಿಣವಾದ ವಿಷಯಕ್ಕೆ ಬರುತ್ತೇನೆ. ಪಂಚಾಯತಿಯ ಹೆಸರಿನಲ್ಲಿ ಹೊರಬೀಳುವ ನಿರೂಪಣೆ ಪಂಚಾಯತಿಯದೇ ಹೇಳಿಕೆ. ‘ಸಹಸ್ರಾರು ವರ್ಷ’ ಎಂದು ಹೇಳಲು ನಮ್ಮ ಬಳಿ ಶಾಸನವಿಲ್ಲ. ಕಮಾನಿನ ರೀತಿಯನ್ನು ನೋಡಿ ಆದಿಲ್ ಶಾಹಿ ಕಾಲದ್ದಿರಬಹುದೆಂದು ತಿಳಿದವರು ಊಹಿಸಿದರು. ಊಹೆ ಎಂದೇ ಹೇಳಿದೆವು. ಊರಿನ ಹಿರಿಯರು ಹೇಳುವ ಕಥೆಯನ್ನು ‘ಹಿರಿಯರು ಹೇಳುತ್ತಾರೆ’ ಎಂಬ ಮಾತಿನೊಡನೆ ಇಟ್ಟೆವು. ಧ್ವನಿಗೆ ಓದಿದ್ದೆಲ್ಲವನ್ನೂ ನಿಜವೆನಿಸುವ ಶಕ್ತಿ ಬರಹಕ್ಕಿಂತ ಹೆಚ್ಚು. ಹತ್ತು ವರ್ಷಗಳ ಬಳಿಕ ಮಕ್ಕಳು ಇದನ್ನೇ ಪರೀಕ್ಷೆಯಲ್ಲಿ ಬರೆಯುತ್ತಾರೆ.

ಹಿರಿಯರ ಧ್ವನಿಗಳನ್ನು ಸಂಗ್ರಹಿಸುವಾಗ ಎಲ್ಲ ಓಣಿಗಳಿಗೂ ಹೋದೆವು. ಎತ್ತುಗಳಿಂದ ಚರ್ಮದ ಚೀಲ ಎಳೆಸಿ ನೀರೆತ್ತುತ್ತಿದ್ದವರು ಸಿಕ್ಕರು. ಈಜು ಕಲಿತವರು, ದಸರೆಯಲ್ಲಿ ಪೂಜೆ ಮಾಡುತ್ತಿದ್ದವರು ಸಿಕ್ಕರು. ಊರ ಹೊರಗಿನ ಕೇರಿಯ ಹಿರಿಯರೊಬ್ಬರನ್ನು ಬಾವಡಿಗೆ ಕರೆದುಕೊಂಡು ಹೋದಾಗ ನಾನು ಅಭ್ಯಾಸದಂತೆ ಮೆಟ್ಟಿಲಿಳಿಯತೊಡಗಿದೆ. ಅವರು ಮೇಲೆಯೇ, ಅಂಚಿನ ಒಂದು ಚಪ್ಪಡಿಯ ಹತ್ತಿರ ನಿಂತುಬಿಟ್ಟರು. “ನಮ್ಮವ್ವ ಇಲ್ಲೇ ನಿಂದರತಿದ್ಲು, ಸಾಹೇಬ್ರ. ಕೆಳಗ ಇಳಿಯೂ ಹಂಗ ಇರಲಿಲ್ಲ. ಯಾರರೆ ಬಂದು ಕೊಡಕ್ಕ ನೀರು ಹಾಕೂತನ ನಿಂದರಬೇಕು. ನಾನು ಸೆರಗ ಹಿಡಕೊಂಡು ನಿಂದರತಿದ್ದೆ.” ಎರಡು ನಿಮಿಷ ಮಾತನಾಡಿದರು. ದನಿ ಎತ್ತರಿಸಲಿಲ್ಲ. ಹಿನ್ನೆಲೆಯಲ್ಲಿ ಪಾರಿವಾಳಗಳ ಸದ್ದು ಕೆಳಗಿನಿಂದ, ದೂರದಿಂದ ಕೇಳುತ್ತದೆ. ಅವರು ನಿಂತ ಜಾಗದಿಂದ ಅದು ಹಾಗೆಯೇ ಕೇಳುತ್ತಿದ್ದಿರಬೇಕು.

ಇದನ್ನು ಸೇರಿಸಬೇಕೇ ಎಂಬ ಪ್ರಶ್ನೆ ಸಾಮಾನ್ಯ ಸಭೆಯ ಮುಂದೆ ಬಂತು. ಪ್ರವಾಸಿಗರನ್ನು ಕರೆಯಲು ಮಾಡಿದ ಕೆಲಸದಲ್ಲಿ ಊರಿನ ಹಳೆಯ ಗಾಯವನ್ನು ಏಕೆ ತೆರೆಯಬೇಕು, ಇದರಿಂದ ಊರಿನ ಮರ್ಯಾದೆ ಏನಾದೀತು ಎಂದು ಕೆಲವು ಸದಸ್ಯರು ಕೇಳಿದರು. ಅವರ ಆತಂಕ ದುರುದ್ದೇಶದ್ದಾಗಿರಲಿಲ್ಲ. ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು: ಕೆಲಸ ಮುಗಿಸುವ ದಿನಾಂಕ ಹತ್ತಿರವಿದ್ದುದರಿಂದ, ತಾಂತ್ರಿಕ ದೋಷವಿದೆ ಎಂಬ ನೆಪ ಹೇಳಿ ಆ ಮುದ್ರಣವನ್ನು ಕೈಬಿಡಲು ನಾನು ಮನಸ್ಸಿನಲ್ಲಿ ಸಿದ್ಧನಾಗಿದ್ದೆ. ಆಗ ಮಹಿಳಾ ಸದಸ್ಯರೊಬ್ಬರು ಎದ್ದು, ಹೂಳೆತ್ತಿದ ಕೂಲಿಕಾರರ ಹಾಜರಿ ಪುಸ್ತಕವನ್ನು ತೆಗೆದು ನೋಡಿ, ಬಾವಡಿಯನ್ನು ಸ್ವಚ್ಛಗೊಳಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದೇ ಕೇರಿಯವರು ಎಂದರು. ಅಷ್ಟೇ ಹೇಳಿ ಕುಳಿತರು. ಮತ್ತೂ ಒಂದು ತಾಸು ಚರ್ಚೆ ನಡೆಯಿತು. ಸೇರಿಸುವುದೆಂದು ನಡವಳಿ ಪುಸ್ತಕದಲ್ಲಿ ದಾಖಲಾಯಿತು. ಇಬ್ಬರು ಸದಸ್ಯರು ಇಂದಿಗೂ ಒಪ್ಪಿಲ್ಲ. ಅವರ ಆಕ್ಷೇಪವೂ ಅದೇ ನಡವಳಿಯಲ್ಲಿದೆ.

ಧ್ವನಿಯನ್ನು ಬಳಸಲು ಒಪ್ಪಿಗೆ ಪತ್ರ ಬರೆಸಿಕೊಳ್ಳುವುದು ಕಡ್ಡಾಯವಾಗಬೇಕು. ಓದಿ ಹೇಳಿ, ಅರ್ಥವಾಗಿದೆಯೇ ಎಂದು ಕೇಳಿ, ಮುದ್ರಣವನ್ನು ಅವರಿಗೇ ಕೇಳಿಸಿದ ಮೇಲೆ. ಆ ಹಿರಿಯರು ಹೆಬ್ಬೆಟ್ಟು ಒತ್ತುವ ಮುನ್ನ ಒಂದು ಷರತ್ತು ಹಾಕಿದರು. ತಮ್ಮ ಹೆಸರು ಬೇಡ, ತಾಯಿಯ ಹೆಸರನ್ನು ಹೇಳಬೇಕು. ಆ ಬಾಲಕಿಯ ಧ್ವನಿಯಲ್ಲಿ ಆ ಹೆಸರು ಮೊದಲು ಬರುತ್ತದೆ, ಬಳಿಕ ಅವರ ಮಾತು. ಬಾವಡಿಯ ಅಂಚಿನಲ್ಲಿ, ಅದೇ ಚಪ್ಪಡಿಯ ಮೇಲೆ ಗುರುತು ಹಾಕಿದ್ದೇವೆ. ಮೆಟ್ಟಿಲಿಳಿಯುವ ಮೊದಲು ಅದು ಸಿಗುತ್ತದೆ.

ಕೆಲವು ತಾಂತ್ರಿಕ ವಿಷಯಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಮೂಲ ಮುದ್ರಣವನ್ನು ಒತ್ತದ ರೂಪದಲ್ಲಿ, ಅಂದರೆ ವೇವ್ ಕಡತವಾಗಿ, ಎರಡು ಕಡೆ ಕಾಪಿಡಿರಿ. ಆದರೆ ಅದನ್ನೇ ಪ್ರವಾಸಕ್ಕೆ ಹಾಕಬೇಡಿರಿ. ನಿಮಿಷಕ್ಕೆ 11 ಎಂಬಿ ದಾಟುತ್ತದೆ, ನಮ್ಮ ಹಳ್ಳಿಗಳ ನೆಟ್‌ವರ್ಕಿನಲ್ಲಿ ಚಿತ್ರ ಬದಲಾದ ಮೇಲೆ ಹಿಂದಿನ ಚಿತ್ರದ ಧ್ವನಿ ಬರುತ್ತದೆ. ಮಾತನ್ನು 64 ಕೆಬಿಪಿಎಸ್‌ನ ಎಂಪಿ3 ಆಗಿ ಪರಿವರ್ತಿಸಿದರೆ ನಿಮಿಷಕ್ಕೆ ಅರ್ಧ ಎಂಬಿಯೂ ಆಗದು. ನೋಡುವವರು ಪರದೆಯನ್ನು ಮುಟ್ಟುವವರೆಗೆ ಮೊಬೈಲಿನ ಬ್ರೌಸರುಗಳು ಧ್ವನಿಯನ್ನು ತಡೆಹಿಡಿಯುತ್ತವೆ. ಆದ್ದರಿಂದ ಮೊದಲ ಪುಟದಲ್ಲಿ ‘ಆರಂಭಿಸಿ’ ಎಂಬ ಗುಂಡಿ ಇರಲಿ, ಪ್ರತಿ ನೋಟದಲ್ಲಿಯೂ ಧ್ವನಿ ನಿಲ್ಲಿಸುವ ಗುಂಡಿ ಇರಲಿ. ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ. ಕರಾರು ಬರೆಯುವಾಗ ‘ಸೂಕ್ತ ಹಿನ್ನೆಲೆ ಸಂಗೀತ’ ಎಂಬ ನನ್ನ ಸಾಲನ್ನು ದಯವಿಟ್ಟು ನಕಲು ಮಾಡಬೇಡಿರಿ. ಸ್ಥಳದಲ್ಲಿಯೇ ಮುದ್ರಿಸಿದ ಶಬ್ದ, ಸ್ಥಳೀಯ ಧ್ವನಿ, ಗ್ರಾಮಸಭೆ ಒಪ್ಪಿದ ಪಠ್ಯ, ಮೂಲ ಕಡತಗಳ ಒಡೆತನ ಪಂಚಾಯತಿಯದು ಎಂದು ಬಿಡಿಸಿ ಬರೆಯಿರಿ.

ನಮ್ಮ ಪ್ರವಾಸ ಇನ್ನೂ ಅಪೂರ್ಣ. ಮಳೆಗಾಲದಲ್ಲಿ ಬಾವಡಿ ತುಂಬಿದಾಗ ಅದರ ಧ್ವನಿ ಬೇರೆ, ಪ್ರತಿಧ್ವನಿ ಮೇಲಿನ ಮೆಟ್ಟಿಲುಗಳಲ್ಲಿಯೇ ಆರಂಭವಾಗುತ್ತದೆ ಎಂದು ಅದೇ ಅಜ್ಜಿ ಹೇಳಿದ್ದಾರೆ. ಈ ವರ್ಷ ಮಳೆಯಾದರೆ ಮುದ್ರಿಸಿಕೊಳ್ಳಬೇಕು. ಹೊಸ ಆವೃತ್ತಿಯನ್ನು ಅವರಿಗೆ ಅರಿವು ಕೇಂದ್ರದಲ್ಲಿ ಕೇಳಿಸಿದಾಗ ಅವರು ಪರದೆಯನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಕೇಳಿ, “ಹ್ಞಾಂ, ಈಗ ಬಂದೂವು ನೋಡ್ರಿ” ಎಂದರು.

ಈಗ ಚಿತ್ರವಿಲ್ಲದೆ ಮೆಟ್ಟಿಲಿಳಿಯುವ ಆ ಎರಡೂವರೆ ನಿಮಿಷವನ್ನಷ್ಟೇ ತಮಗೆ ಕೇಳಿಸುತ್ತೇನೆ. ಸಿಬ್ಬಂದಿಯವರು ದಯಮಾಡಿ ಫ್ಯಾನುಗಳನ್ನು ಆರಿಸಬೇಕು.